ಕಪ್ಪು ಎಲ್ಲಿದೆ, ತಮ್ಮಾ?

ತಮ್ಮಾ,

ನೀನು ಕಾಲೇಜಿಗೆ ಅಂತ ಬರೆದು ವಾಟ್ಸಾಪ್‌ನಲ್ಲಿ ಕಳಿಸಿದ ನಾಲ್ಕು ಪುಟದ ಪ್ರಬಂಧ ಎರಡು ಸಲ ಓದಿದೆ. ಮೇಲೆ ಹೆಸರು ಹಾಕಿದ್ದಕ್ಕೆ ಅದು ಚಿತ್ರಕಾರ ವ್ಯಾನ್ ಗಾಗ್‌ನ ‘ಸ್ಟಾರಿ ನೈಟ್’ ಅನ್ನುವ ರಾತ್ರಿ ಆಕಾಶದ ಚಿತ್ರದ ಬಗ್ಗೆ ಅಂತ ಗೊತ್ತಾಯಿತು. ನೀನು ಬರೆದದ್ದು ಇಷ್ಟು: “ರೇಖೆಗಳನ್ನು ಸುಂದರವಾಗಿ ಬಳಸಿದ್ದಾರೆ, ಬಣ್ಣಗಳ ಹೊಂದಾಣಿಕೆ ಚೆನ್ನಾಗಿದೆ, ಸಮತೋಲನ ಇದೆ, ಲಯ ಇದೆ, ಏಕತೆ ಇದೆ.” ಇದನ್ನೇ ನಮ್ಮ ಕಿರಾಣಿ ಅಂಗಡಿ ಕ್ಯಾಲೆಂಡರಿನ ಲಕ್ಷ್ಮಿಗೂ ಬರೆಯಬಹುದು, ಅಲ್ವಾ? ಬೇಜಾರು ಮಾಡ್ಕೋಬೇಡ. ಮಾರ್ಕ್ಸ್ ಬಂದರೂ ಬರಬಹುದು. ಆದರೆ ನೀನು ಚಿತ್ರ ನೋಡಿಲ್ಲ, ರೇಖೆ, ಬಣ್ಣ, ಸಮತೋಲನ ಅನ್ನುವ ಪಟ್ಟಿ ನೋಡಿದ್ದೀಯ.

ನಾನು ನಿನ್ನ ಹಾಗೆ ಕಲಬುರಗಿಗೆ ಹೋಗಿ ಕಾಲೇಜಿನಲ್ಲಿ ಕಲಿತವನಲ್ಲ. ಬೀದರಿನಲ್ಲಿ ಬಿದ್ರಿ ಸಾಮಾನಿನ ಮೇಲೆ ನಕ್ಷೆ ಬರೆದೇ ಕೂದಲು ಬೆಳ್ಳಗಾಯಿತು. ಎರಕ ಹೊಯ್ದು ಉಜ್ಜಿದ ಪಾತ್ರೆಗೆ ಮೈಲುತುತ್ತದ ನೀರು ಹಚ್ಚಿದರೆ ಸ್ವಲ್ಪ ಹೊತ್ತಿಗೆ ಮೈ ಕಪ್ಪಗಾಗುತ್ತದೆ. ಆಮೇಲೆ ಚೂಪು ಕಡ್ಡಿಯಿಂದ ಗೀರಿದ ಗೆರೆ ಕಾಣುತ್ತದೆ. ಆ ಗೆರೆ ಕೆತ್ತಿ ಬೆಳ್ಳಿ ತಂತಿ ಕೂರಿಸಬೇಕು. ಮೊದಮೊದಲು ನಾನೊಂದು ಹೂದಾನಿ ತುಂಬಾ ಬಳ್ಳಿ, ಬಳ್ಳಿಯೊಳಗೆ ಹೂ, ಹೂವಿನೊಳಗೆ ಮತ್ತೆ ಎಲೆ ಬರೆದು, ಬೆರಳಿಡುವಷ್ಟೂ ಜಾಗ ಬಿಡದೆ ಬೆಳ್ಳಿ ತುಂಬಿಸಿಬಿಟ್ಟೆ. ಮೊದಲಿನ ಕಪ್ಪು ಉಜ್ಜಿದರೆ ಹೋಗುತ್ತದೆ; ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿ ಕಾಸಿದಾಗ ಬೆಳ್ಳಿ ಬಿಟ್ಟು ಉಳಿದ ಲೋಹ ಕಪ್ಪಗಾಗಿ ನಿಲ್ಲಬೇಕು. ನನ್ನ ಹೂದಾನಿಯಲ್ಲಿ ಕಪ್ಪಗಾಗಲು ಲೋಹವೇ ಜಾಸ್ತಿ ಉಳಿದಿರಲಿಲ್ಲ. ಉಸ್ತಾದರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು. “ಕಪ್ಪು ಎಲ್ಲಿದೆ?”

ಆವತ್ತಿನಿಂದ ಯಾವ ಚಿತ್ರ ಕಂಡರೂ ಮೊದಲು ಅದನ್ನೇ ಹುಡುಕುತ್ತೇನೆ. ಈ ಚಿತ್ರದ ಕಪ್ಪು ಎಡಗಡೆ ಇದೆ. ಆ ಸೈಪ್ರೆಸ್ ಮರ. ಕೆಳಗಿನ ಅಂಚಿನಿಂದ ಎದ್ದು ಹೆಚ್ಚುಕಡಿಮೆ ಮೇಲಿನ ಅಂಚಿನ ತನಕ ಹೋಗುತ್ತದೆ. ಈಗ ಹೆಬ್ಬೆರಳಿಟ್ಟು ಅದನ್ನು ಮುಚ್ಚು. ಏನಾಯಿತು? ಆಕಾಶ ಎಡಕ್ಕೆ ಹರಿದು ಹೊರಗೆ ಹೋಯಿತು, ನೆಲಕ್ಕೂ ಮೇಲಿಗೂ ಸಂಬಂಧವೇ ಇಲ್ಲ. ಬೆರಳು ತೆಗೆದು ಬಲಗಡೆ ಮೇಲಿನ ಚಂದ್ರನನ್ನು ಮುಚ್ಚು. ಚಿತ್ರ ಎಡಕ್ಕೆ ವಾಲಿತು. ಅಷ್ಟು ದೊಡ್ಡ ಕಪ್ಪು ಮರಕ್ಕೆ ಅಷ್ಟು ಚಿಕ್ಕ ಹಳದಿ ಚಂದ್ರ ಸರಿದೂಗುತ್ತದೆ. ನೀನು ‘ಸಮತೋಲನ ಇದೆ’ ಅಂತ ಮೂರನೇ ಪುಟದಲ್ಲಿ ಬರೆದೆಯಲ್ಲ, ಅದು ಇದೇ.

ಇನ್ನೊಂದು ಥರದ ಸಮತೋಲನ ಬೇಕಿದ್ದರೆ ನಮ್ಮ ಬೀದರಿನ ಹಳೇ ವಿದ್ಯಾಲಯ, ಗವಾನ್ ಮದರಸಾ ನೋಡು. 1472ರಲ್ಲಿ ಕಟ್ಟಿದ್ದು, ಮುಂದೆ ಎರಡೂ ಮೂಲೆಗೆ ಒಂದೊಂದು ಮಿನಾರು ಇತ್ತು. ಸಿಡಿಮದ್ದು ಸ್ಫೋಟಿಸಿ ಒಂದು ಹೋಯಿತು. ಇವತ್ತಿಗೂ ಎದುರು ನಿಂತರೆ ಕಣ್ಣು ತಾನಾಗೇ ಇನ್ನೊಂದನ್ನು ಹುಡುಕುತ್ತದೆ. ಎರಡೂ ಕಡೆ ಒಂದೇ ಥರ ಇಟ್ಟ ಕಟ್ಟಡದಲ್ಲಿ ಒಂದು ಹೋದರೆ ಹೀಗೆ. ವ್ಯಾನ್ ಗಾಗ್ ಮೊದಲೇ ಒಂದೇ ಥರ ಇಟ್ಟಿಲ್ಲ, ಅದಕ್ಕೆ ಅವನಲ್ಲಿ ಹುಡುಕುವುದಿಲ್ಲ.

ಗೆರೆಯ ವಿಷಯಕ್ಕೆ ಬಾ. ಒಂದೇ ಥರದ ಗೆರೆ ಅಲ್ಲ ಅಲ್ಲಿರುವುದು. ಆಕಾಶದ ಗೆರೆ ಸುತ್ತುತ್ತದೆ, ಮರದ ಗೆರೆ ಬೆಂಕಿಯ ಹಾಗೆ ಮೇಲಕ್ಕೇಳುತ್ತದೆ, ಊರಿನ ಮನೆಗಳ ಗೆರೆ ಗಿಡ್ಡ, ನೆಟ್ಟಗೆ. ಮೇಲೆಲ್ಲ ತಿರುಗುವಾಗ ಕೆಳಗೆ ಊರು ಸುಮ್ನೆ ಕೂತಿದೆ ಅಂತ ನಮಗೆ ಅನಿಸುವುದೇ ಈ ವ್ಯತ್ಯಾಸದಿಂದ. ‘ಲಯ’ ಅನ್ನುವ ಮಾತು ಬರೆದರೆ ಅದರ ಮುಂದೆ ಯಾವ ಗೆರೆ ಅಂತ ಇರಲಿ. ಬಣ್ಣ ದಪ್ಪಗೆ ಹಚ್ಚಿದ್ದಾನೆ, ಬ್ರಶ್ ಹೋದ ದಾರಿ ಕಾಣುತ್ತದೆ. ಹಾಗಾಗಿ ಇಲ್ಲಿ ರೇಖೆ ಬೇರೆ, ಮೈವಳಿಕೆ (ಟೆಕ್ಸ್ಚರ್) ಬೇರೆ ಅಂತ ಎರಡು ಹೆಡಿಂಗ್ ಹಾಕಿದರೆ ಬರೀ ಪುಟ ತುಂಬುತ್ತದೆ.

ಬಣ್ಣಕ್ಕೆ ಜಾಸ್ತಿ ಹೇಳುವುದಿಲ್ಲ. ನೀಲಿಯ ಎದುರು ಹಳದಿ. ಅದೇ ಹಳದಿ ಕೆಳಗೆ ಕಿಟಕಿಗಳಲ್ಲಿ ಚುಕ್ಕಿಚುಕ್ಕಿಯಾಗಿ ಬಂದಿದೆ, ನೋಡಿದೆಯಾ? ಏಕತೆ ಅಂದರೆ ಅಷ್ಟೇ. ಚರ್ಚಿನ ಗೋಪುರ ಸಣ್ಣದಾಗಿ ಮರದ ಹಾಗೇ ಮೇಲಕ್ಕೆ ಚುಚ್ಚುತ್ತದೆ, ಅದನ್ನೂ ಸೇರಿಸು.

ಮೊದಲ ಪುಟ ಪೂರ್ತಿ ತೆಗೆದುಬಿಡು. ವ್ಯಾನ್ ಗಾಗ್ ಕಿವಿ ಕೊಯ್ದುಕೊಂಡ ಕಥೆ ನಿಮ್ಮ ಕ್ಲಾಸಿನ ಎಲ್ಲರೂ ಬರೆಯುತ್ತಾರೆ. ಬೇಕಾದರೆ ಒಂದೇ ಒಂದು ಸಂಗತಿ ಇಟ್ಟುಕೋ. 1889ರ ಜೂನ್‌ನಲ್ಲಿ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ ಇದನ್ನು ಬರೆದ, ಕಿಟಕಿಯಿಂದ ಬೆಳಗಿನ ಜಾವದ ಆಕಾಶ ಕಾಣುತ್ತಿತ್ತು, ಆದರೆ ಊರು ಕಾಣುತ್ತಿರಲಿಲ್ಲ. ಊರನ್ನು ಅವನೇ ತಂದು ಅಲ್ಲಿ ಇಟ್ಟ. ಕಂಡದ್ದನ್ನು ಬರೆದಿದ್ದರೆ ಅದು ಅಲ್ಲಿತ್ತು, ಬರೆದ ಅನ್ನಬಹುದಿತ್ತು. ತಂದಿಟ್ಟದ್ದಕ್ಕೆ ‘ಅಲ್ಲೇ ಯಾಕೆ, ಅಷ್ಟು ಚಿಕ್ಕದಾಗಿ ಯಾಕೆ’ ಅಂತ ಕೇಳಲೇಬೇಕು. ಊರನ್ನೂ ಹೆಬ್ಬೆರಳಿಂದ ಮುಚ್ಚಿ ನೋಡು. ಆಕಾಶ ಎಷ್ಟು ದೊಡ್ಡದು ಅಂತ ಅಳೆಯಲು ಏನೂ ಉಳಿಯುವುದಿಲ್ಲ.

ಫೋನಿನಲ್ಲಿ ನೋಡಬೇಡ, ಅಲ್ಲಿ ಎಲ್ಲವೂ ಅಂಗೈಯಷ್ಟೇ. ಅಸಲು ಚಿತ್ರ ಸುಮಾರು 74 ಸೆಂ.ಮೀ. ಎತ್ತರ, 92 ಸೆಂ.ಮೀ. ಅಗಲ. ರೂಮಿನ ಗೋಡೆ ಮೇಲೆ ಚಾಕ್‌ಪೀಸಿನಿಂದ ಅಷ್ಟು ಚೌಕಟ್ಟು ಎಳೆದು, ಅದರೊಳಗೆ ಮರ ಎಲ್ಲಿಂದ ಎಲ್ಲಿಗೆ ಬರುತ್ತದೆ ಅಂತ ಗುರುತು ಮಾಡು. ರೂಮಿನ ಮಾಲೀಕರು ಬೈದರೆ ಒರೆಸಿಬಿಡು.

ಭಾನುವಾರ ಬರುತ್ತೀಯಾದರೆ ಒಂದು ದೊಡ್ಡ ಕಲರ್ ಪ್ರಿಂಟ್ ತೆಗೆಸಿಕೊಂಡು ಬಾ. ಆ ಹೂದಾನಿ ಇನ್ನೂ ನನ್ನ ಹತ್ತಿರವೇ ಇದೆ, ಯಾರೂ ಕೊಳ್ಳಲಿಲ್ಲ. ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡೋಣ.

ನಿನ್ನ ಕಾಕಾ
ಬೀದರ್