ಹೊಳಪು ನೋಡಿ ಹಳೆಯ ರೈಫಲ್‌ಗೆ ಬೆಲೆ ಕಟ್ಟಬಾರದು

ಮಾನ್ಯ ಸಂಪಾದಕರೇ,

ಒಮ್ಮೆಗೆ ಒಂದೇ ತೋಟಾ ತುಂಬುವ ಪುರಾತನ ರೈಫಲ್‌ಗಳನ್ನು ಉಜ್ಜಿ, ಬಣ್ಣವೇರಿಸಿ ಹೊಸದರಂತೆ ಮಾಡಿದರೆ ಅವುಗಳ ಮೌಲ್ಯ ಹೆಚ್ಚುತ್ತದೆ ಎಂಬ ನಂಬಿಕೆ ಬಹುಮಟ್ಟಿಗೆ ತಪ್ಪು. ಬ್ರಿಟಿಷ್ ಸೇನೆ 1871ರಲ್ಲಿ ಅಂಗೀಕರಿಸಿದ ಮಾರ್ಟಿನಿ-ಹೆನ್ರಿಯನ್ನೇ ತೆಗೆದುಕೊಳ್ಳೋಣ. ಅಡಿಯ ಲಿವರ್ ಎಳೆದರೆ ಕೊಳವೆಯ ಹಿಂಬದಿಯನ್ನು ಮುಚ್ಚುವ ಬ್ಲಾಕ್ ಕೆಳಗೆ ಬಾಗಿ ತೋಟಾಕ್ಕೆ ದಾರಿ ಬಿಡುವ ಈ ರೈಫಲ್‌ನ ಬಲಮಗ್ಗುಲಲ್ಲಿ ಸಾಮಾನ್ಯವಾಗಿ ಕಿರೀಟ, ವಿಕ್ಟೋರಿಯಾ ರಾಣಿಯನ್ನು ಸೂಚಿಸುವ ವಿ.ಆರ್. ಅಕ್ಷರಗಳು, ತಯಾರಕರ ಹೆಸರು, ವರ್ಷ ಮತ್ತು ಮಾದರಿಯ ಅಂಕಿಯನ್ನು ಒತ್ತಿರುತ್ತಾರೆ. ಅರ ಹಾಕಿ ಪಾಲಿಶ್ ಮಾಡಿದಾಗ ಮೊದಲು ಮಾಸುವುದು ಈ ಗುರುತುಗಳೇ. ಚೂಪಾಗಿರಬೇಕಾದ ಅಂಚುಗಳು ದುಂಡಗಾಗುತ್ತವೆ, ಸ್ಕ್ರೂ ರಂಧ್ರಗಳ ಬಾಯಿ ತಟ್ಟೆಯಂತೆ ತಗ್ಗುತ್ತದೆ, ಮರದ ಹಿಡಿ ಲೋಹಕ್ಕಿಂತ ತುಸು ಕೆಳಗಿಳಿದು ಕೂರುತ್ತದೆ. ಇಷ್ಟು ಕಂಡರೆ ಸಾಕು, ಬಣ್ಣ ಎಷ್ಟೇ ಚೆಂದವಿದ್ದರೂ ನಾನು ಅದನ್ನು ಮೂಲಸ್ಥಿತಿಯದೆಂದು ಒಪ್ಪಲಾರೆ.

ಖೈಬರ್ ಕಣಿವೆಯ ಸುತ್ತಮುತ್ತ ಕುಶಲಕರ್ಮಿಗಳು ಕೈಯಿಂದಲೇ ತಯಾರಿಸಿದ ಇಂಥ ರೈಫಲ್‌ಗಳ ನಕಲುಗಳಲ್ಲಿ, ಒತ್ತಿದ ಗುರುತಿನಲ್ಲೇ ಇಂಗ್ಲಿಷಿನ 'ಎನ್' ಅಕ್ಷರ ತಿರುವುಮುರುವಾಗಿರುವುದೂ ಉಂಟು. (ಅವುಗಳ ಕೈಚಳಕಕ್ಕೆ ಬೇರೆಯದೇ ಬೆಲೆಯಿದೆ ಎಂಬುದು ಬೇರೆ ಮಾತು.) ಕೊಳವೆಯೊಳಗಿನ ತಿರುಚುಗೆರೆಗಳನ್ನು ಬೆಳಕು ಹಾಯಿಸಿ ನೋಡದೆ, ಬಿಡಿಭಾಗಗಳ ಅಂಕಿಗಳನ್ನು ಹೋಲಿಸದೆ ಮೌಲ್ಯ ಹೇಳುವವರನ್ನು ನಂಬುವುದು ಕಷ್ಟ. ಇನ್ನು, ದುರಸ್ತಿ ಮಾಡುವವರು ತಾವು ಬದಲಿಸಿದ ಭಾಗಗಳನ್ನು ಬರೆದಿಟ್ಟು, ತೆಗೆದ ಹಳೆಯ ಸ್ಕ್ರೂವನ್ನೂ ಎಸೆಯದೆ ರೈಫಲ್ ಜೊತೆಗೇ ಕೊಡುವುದು ಒಳಿತು.

ಇಂತಿ,
ಓರ್ವ ಓದುಗ