ಕೂತವರಿಗೆ, ನಿಂತು ನೋಡಿದವರಿಗೆ

ನನ್ನ ಮೊದಲ ಭಾವಚಿತ್ರ ಪ್ರದರ್ಶನ ಮುಗಿಯಿತು. ಬಂದವರೆಲ್ಲ ಬಾಯ್ತುಂಬ ಹೊಗಳಿದಿರಿ. ಆ ಹೊಗಳಿಕೆಯಲ್ಲಿ ದೊಡ್ಡ ಪಾಲು ಬೇರೆಯವರದ್ದು. ಅದನ್ನು ಅವರಿಗೆ ಒಪ್ಪಿಸದಿದ್ದರೆ ನನಗೆ ಸಮಾಧಾನ ಇಲ್ಲ.

ಮೊದಲು, ಕ್ಯಾಮೆರಾ ಮುಂದೆ ಕೂತವರಿಗೆ. ಕ್ಯಾಮೆರಾ ಕಂಡ ತಕ್ಷಣ ನಾವೆಲ್ಲ ಮುಖಕ್ಕೆ ಒಂದು ನಗು ತಂದುಕೊಳ್ಳುತ್ತೇವೆ, ಅಲ್ವಾ? ಆ ನಗು ತಾನಾಗಿ ಇಳಿಯುವವರೆಗೂ ನೀವು ಕೂತಿರಿ. 1860ರ ದಶಕದಲ್ಲಿ ಬ್ರಿಟಿಷ್ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಫೋಟೋ ತೆಗೆಯುವಾಗ ಎದುರು ಕೂತವರು ನಿಮಿಷಗಟ್ಟಲೆ ಅಲ್ಲಾಡದೆ ಇರಬೇಕಿತ್ತು. ಅಷ್ಟು ಹೊತ್ತು ನಟಿಸುವುದು ಕಷ್ಟ. ಅವರ ಚಿತ್ರಗಳಲ್ಲಿ ಮುಖಗಳು ತಮ್ಮೊಳಗೇ ಮುಳುಗಿದಂತೆ ಕಾಣುವುದಕ್ಕೆ ಅದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ. ಈಗ ಶಟರ್‌ಗೆ ಒಂದು ಕ್ಷಣ ಸಾಕು. ಆ ನಿಧಾನವನ್ನು ನೀವೇ ಕೊಟ್ಟಿರಿ.

ನಿವೃತ್ತ ಟೀಚರ್ ಒಬ್ಬರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಮೂಗಿನ ಎರಡೂ ಬದಿ ಅದು ಒತ್ತಿದ ಗುರುತು. “ಇದನ್ನ ಅಳಿಸ್ತೀಯಾ?” ಎಂದು ಕೇಳಿದರು. ಇಲ್ಲ ಮೇಡಂ ಅಂದೆ. “ಹಾಗಾದ್ರೆ ಇನ್ನೂ ಹತ್ತಿರ ಬಾ” ಅಂದರು. ಜನ ಜಾಸ್ತಿ ಹೊತ್ತು ನಿಂತದ್ದು ಆ ಚಿತ್ರದ ಮುಂದೆಯೇ.

ಪ್ರದರ್ಶನದ ಹಿಂದಿನ ದಿನ “ನನ್ನ ಫೋಟೋ ಬೇಡ” ಎಂದವರಿಗೂ ಮನಸಾರೆ ಧನ್ಯವಾದ. ಚಿತ್ರ ನಿಮಗೆ ಇಷ್ಟವಾಗಿತ್ತು, ಅಪರಿಚಿತರು ನೋಡುವುದು ಬೇಡವಾಗಿತ್ತು, ಅಷ್ಟೇ. ನೀವು ಬಾಯಿಬಿಟ್ಟು ಹೇಳಿದ ಮೇಲೆ ಉಳಿದವರನ್ನೂ ಇನ್ನೊಮ್ಮೆ ಕೇಳಿದೆ. ಒಬ್ಬೊಬ್ಬರೂ ತಮ್ಮ ಚಿತ್ರವನ್ನು ಮತ್ತೆ ನೋಡಿ ಒಪ್ಪಿಕೊಂಡರು. ಬೇಡ ಅನ್ನಬಹುದು ಎಂದು ಗೊತ್ತಿದ್ದೂ ಹೂಂ ಅಂದರಲ್ಲ, ಆ ಒಪ್ಪಿಗೆಗೆ ಬೆಲೆ ಬಂದದ್ದು ನಿಮ್ಮಿಂದ.

ಪ್ರಿಂಟ್ ಮಾಡಿಕೊಟ್ಟ ಅಣ್ಣನ ಬಗ್ಗೆ ಎಷ್ಟು ಹೇಳಿದರೂ ಸಾಲದು. ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಕಪ್ಪು ಅಷ್ಟು ಆಳವಾಗಿ ಬರುವುದಿಲ್ಲ. ನೆರಳಿನ ವಿವರಗಳು ಬೇಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುಮ್ನೆ ಮುಖ ಬೆಳ್ಳಗೆ ಮಾಡಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅವರು ಒಪ್ಪಲಿಲ್ಲ. ಹಿಂದೆ ಕೋಡಾಕ್‌ನ ‘ಶರ್ಲಿ ಕಾರ್ಡ್’ ಎಂಬ ಮಾದರಿ ಫೋಟೋ ಇಟ್ಟುಕೊಂಡು ಲ್ಯಾಬ್‌ನವರು ಬಣ್ಣ ಹೊಂದಿಸುತ್ತಿದ್ದರು. ದಶಕಗಳ ಕಾಲ ಅದರಲ್ಲಿ ಇದ್ದದ್ದು ಬಿಳಿ ಹೆಣ್ಣುಮಗಳೊಬ್ಬಳ ಮುಖ. ಕಪ್ಪು ಮೈಬಣ್ಣದವರ ಮುಖದ ಸೂಕ್ಷ್ಮಗಳು ಎಷ್ಟೋ ಫೋಟೋಗಳಲ್ಲಿ ಕಳೆದುಹೋದವು. ನಮ್ಮ ಪ್ರಿಂಟ್‌ಗಳಲ್ಲಿ ಹಾಗಾಗಲಿಲ್ಲ. ಕೆನ್ನೆಯ ಕಪ್ಪು ಬೇರೆ, ಕಣ್ಣಿನ ಕೆಳಗಿನ ಕಪ್ಪು ಬೇರೆ. ಎರಡೂ ಉಳಿದವು. ತನ್ನ ಬಣ್ಣ ಇದ್ದ ಹಾಗೇ ಗೋಡೆಯ ಮೇಲೆ ಕಂಡ ಹುಡುಗಿಯೊಬ್ಬಳು ಅಮ್ಮನನ್ನು ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದಳು. ಅಣ್ಣಾ, ಅದು ನಿಮ್ಮ ಕೆಲಸ.

ಫ್ರೇಮ್ ಹಾಕಿದವರಿಗೆ, ದೀಪದ ಬೆಳಕು ಗಾಜಿಗೆ ಹೊಡೆಯದಂತೆ ನೋಡಿಕೊಂಡವರಿಗೆ, ಕಣ್ಣಿನ ಎತ್ತರ ಅಳೆದು ಮೊಳೆ ಹೊಡೆದ ಗೆಳೆಯರಿಗೆ, ನಿಂತು ನೋಡಿದ ನಿಮಗೆಲ್ಲ ನಮಸ್ಕಾರ.

ಪ್ರಿಂಟ್‌ಗಳು ಈಗ ಕೂತವರ ಮನೆಗೆ ಹೋಗುತ್ತಿವೆ. ಯಾರಿಗಾದರೂ ತಲುಪದಿದ್ದರೆ ಒಂದು ಮಾತು ಹೇಳಿ, ನಾನೇ ತಂದುಕೊಡುತ್ತೇನೆ.