ದೋಣಿಗೊಂದು ನಂಬರ್, ಕೈಗೊಂದು ಚೀಟಿ: ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೆ,

ನಮಸ್ಕಾರ. ಆಲಮಟ್ಟಿ ಜಲಾಶಯ 519.60 ಮೀಟರ್ ತುಂಬಿ ನಿಂತಾಗ ಕೃಷ್ಣೆ, ಘಟಪ್ರಭೆಯ ಹಿನ್ನೀರು ಹೊಲದ ಬದುವಿನ ತನಕ ಬರುತ್ತದೆ. ನೀರು ಇಳಿದಂತೆ ದಂಡೆಯೂ ಸರಿಯುತ್ತ ಹೋಗುತ್ತದೆ. ಹೀಗೆ ಸರಿಯುವ ದಂಡೆಯಲ್ಲಿ ಕಾಯಂ ಕಟ್ಟೆ ಕಟ್ಟುವುದು ಕಷ್ಟ. ಕೆಸರಿನ ಮೇಲೊಂದು ಹಲಗೆ ಹಾಸಿ ಜನರನ್ನು ದೋಣಿಗೆ ಹತ್ತಿಸುತ್ತಾರೆ. ದೋಣಿ ಎಂದರೆ ಮುಳುಗುವ ಭಯವೊಂದೇ ಎಲ್ಲರಿಗೂ ನೆನಪಾಗುತ್ತದೆ. ಆದರೆ ಹಲಗೆ ಜಾರಿ ಕಾಲು ಮುರಿಯುತ್ತದೆ. ಬೋಟಿನ ಅಂಚು ಹಿಡಿದ ಕೈ ದಂಡೆಯ ಕಲ್ಲಿಗೆ ಸಿಕ್ಕು ಬೆರಳು ಜಜ್ಜುತ್ತದೆ. ಮುಚ್ಚಳವಿಲ್ಲದ ಎಂಜಿನ್ನಿನ ಬೆಲ್ಟಿಗೆ ಸೆರಗೋ ಧೋತರದ ಚುಂಗೋ ಸುತ್ತಿಕೊಳ್ಳುತ್ತದೆ.

ಇಂಥ ಗಾಯಕ್ಕೆ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲಿದೆ. ಅದು ಕೈತಪ್ಪುವುದು ಅಪಘಾತವಾದ ದಿನವೇ, ದಂಡೆಯ ಮೇಲೆಯೇ. ರಸ್ತೆಯಲ್ಲಿ ಬೈಕ್ ಗುದ್ದಿದರೆ ಗಾಡಿ ನಂಬರ್, ವಿಮೆ, ಲೈಸೆನ್ಸ್ ಮೂರೂ ಪೊಲೀಸರ ಕೈಗೆ ಸಿಗುತ್ತವೆ. ನಂಬರಿಲ್ಲದ ದೋಣಿಯಲ್ಲಿ, ಚೀಟಿ ಕೊಡದೆ ದುಡ್ಡು ಪಡೆದ ದೋಣಿಯಲ್ಲಿ, ಈ ಮೂರರಲ್ಲಿ ಒಂದೂ ಸಿಗುವುದಿಲ್ಲ. ತಾವು ಸರಿಪಡಿಸಬಹುದಾದ ಜಾಗ ಇದೇ.

ಒಳನಾಡು ನೌಕೆಗಳ ಕಾಯ್ದೆ, 2021ರ ಪ್ರಕಾರ ಎಂಜಿನ್ ಇರುವ ಬೋಟಿಗೆ ನೋಂದಣಿ, ತಪಾಸಣಾ ಪ್ರಮಾಣಪತ್ರ, ವಿಮೆ ಬೇಕು. ಬೋಟಿನ ಮೇಲೆ ನಂಬರ್ ಎದ್ದು ಕಾಣಬೇಕು. ನಡೆಸುವವನಿಗೆ ಅರ್ಹತಾ ಪತ್ರ ಇರಬೇಕು. ಹುಟ್ಟು ಹಾಕುವ ದೋಣಿ, ತೆಪ್ಪಗಳನ್ನು ಸ್ಥಳೀಯ ಸಂಸ್ಥೆಗಳ ಮೂಲಕ ದಾಖಲಿಸಿಕೊಳ್ಳಲು ಇದೇ ಕಾಯ್ದೆಯಲ್ಲಿ ಅವಕಾಶವಿದೆ. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ನಿರ್ದೇಶನಾಲಯ ಇರುವುದು ಕಾರವಾರದಲ್ಲಿ. ಬೀಳಗಿ ಕಡೆಯ ಅಂಬಿಗನೊಬ್ಬ ಒಂದು ಕಾಗದಕ್ಕಾಗಿ ಘಟ್ಟ ಇಳಿದು ಅಷ್ಟು ದೂರ ಹೋಗಲಿ ಎನ್ನುವುದು ನ್ಯಾಯವಲ್ಲ. ಆ ಇಲಾಖೆಯವರನ್ನೇ ತಾಲ್ಲೂಕಿಗೆ ಕರೆಸಿ, ಒಂದೇ ದಿನ ತಪಾಸಣೆ, ನೋಂದಣಿ ಎರಡನ್ನೂ ಮುಗಿಸುವ ಶಿಬಿರ ನಡೆಸಬಹುದು.

ಇದು ಅಂಬಿಗರ ಮೇಲಿನ ದೂರಲ್ಲ. ವಿಮೆ ಇಲ್ಲದ ಮಾಲೀಕನ ಮೇಲೆ ಪರಿಹಾರದ ಆದೇಶವಾದರೆ ಬೋಟು ಮಾರಿದರೂ ಸಾಲದು. ಆತನ ಮನೆ ಮುಳುಗುತ್ತದೆ, ಗಾಯಾಳುವಿಗೂ ದುಡ್ಡು ಬರುವುದಿಲ್ಲ.

ಈಗ ಗ್ರಾಹಕ ಆಯೋಗದ ದಾರಿ. ಇದು ನಮ್ಮ ಜನಕ್ಕೆ ಗೊತ್ತಾಗಬೇಕು. ದುಡ್ಡು ಕೊಟ್ಟು ಬೋಟು ಹತ್ತಿದವನು ಗ್ರಾಹಕ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಯಾವ ಆಯೋಗಕ್ಕೆ ಹೋಗಬೇಕು, ಎಷ್ಟು ಶುಲ್ಕ ಎಂಬುದನ್ನು ನಿರ್ಧರಿಸುವುದು ಕೇಳುವ ಪರಿಹಾರವಲ್ಲ, ಕೊಟ್ಟ ದುಡ್ಡು. ಕೊಟ್ಟದ್ದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಅಂದರೆ 20 ರೂಪಾಯಿ ಕೊಟ್ಟು ಹೊಳೆ ದಾಟಿದವರು ಹತ್ತು ಲಕ್ಷ ಕೇಳಿದರೂ ಶುಲ್ಕವಿಲ್ಲದೆ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಘಟನೆಯಾದ 2 ವರ್ಷದೊಳಗೆ ಕೊಡಬೇಕು. ಆ 20 ರೂಪಾಯಿ ಕೊಟ್ಟದ್ದಕ್ಕೆ ಪುರಾವೆ ಬೇಕು. ಚೀಟಿ ಇಲ್ಲದಿದ್ದರೆ ಫೋನ್‌ಪೇ ಸಂದೇಶವೂ ನಡೆಯುತ್ತದೆ, ಅಳಿಸಬಾರದು. ದೂರು ಕೊಡುವವರು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಹೀಗಾಗಿ ಗೋವಾದ ಮಾಂಡವಿ ನದಿಯ ಕ್ರೂಸ್‌ನಲ್ಲಿಯೋ ಮಹಾರಾಷ್ಟ್ರ ಕರಾವಳಿಯ ಮಾಲವಣದ ಬೋಟಿನಲ್ಲಿಯೋ ಪೆಟ್ಟಾದ ಬಾಗಲಕೋಟೆಯವರು ಅಲ್ಲಿಗೆ ಅಲೆಯಬೇಕಿಲ್ಲ. ‘ಸ್ವಂತ ಜವಾಬ್ದಾರಿಯ ಮೇಲೆ ಪ್ರಯಾಣಿಸಿ’ ಎಂಬ ಬೋರ್ಡಿನಿಂದ ಅಜಾಗರೂಕತೆಯ ಹೊಣೆ ತೊಳೆದುಹೋಗುವುದಿಲ್ಲ. ಸಾವಾಗಿದ್ದರೆ ಮಾರಕ ಅಪಘಾತಗಳ ಕಾಯ್ದೆ, 1855ರಡಿ ಹೆಂಡತಿ, ಮಕ್ಕಳು, ತಂದೆತಾಯಿ ಸಿವಿಲ್ ದಾವೆ ಹೂಡಬಹುದು. ಅದಕ್ಕೂ 2 ವರ್ಷವೇ. ಸರ್ಕಾರದ ಪರಿಹಾರ ಧನ ಬಂತೆಂದು ಮಾಲೀಕನ ಹೊಣೆ ತೀರುವುದಿಲ್ಲ.

ಎಷ್ಟು ಕೇಳಬೇಕು ಎಂಬಲ್ಲಿಯೂ ಎಡವುತ್ತಾರೆ. ಇಳಕಲ್ಲಿನ ನೇಕಾರನೊಬ್ಬನ ಬಲಗೈಯ ಎರಡು ಬೆರಳು ಹೋದವು ಎಂದುಕೊಳ್ಳಿ. ವೈದ್ಯರ ಪ್ರಮಾಣಪತ್ರದಲ್ಲಿ ಅಂಗವೈಕಲ್ಯದ ಪ್ರಮಾಣ ಸಣ್ಣದಾಗಿಯೇ ಕಾಣುತ್ತದೆ. ಆದರೆ ಮಗ್ಗದಲ್ಲಿ ಎಳೆ ಕಡಿದಾಗ ಗಂಟು ಹಾಕುವುದು ಅದೇ ಬೆರಳು. ದೇಹದ ಊನ ಬೇರೆ, ದುಡಿಮೆಗೆ ಬಿದ್ದ ಪೆಟ್ಟು ಬೇರೆ ಎಂದು ಸುಪ್ರೀಂ ಕೋರ್ಟ್ ರಸ್ತೆ ಅಪಘಾತವೊಂದರ ಪ್ರಕರಣದಲ್ಲಿ 2010ರಲ್ಲೇ ಬಿಡಿಸಿ ಹೇಳಿದೆ. ಆದ್ದರಿಂದ ಕಸುಬಿನ ಪುರಾವೆ, ಕೂಲಿಯ ಲೆಕ್ಕ ದೂರಿನ ಜತೆಗಿರಬೇಕು.

ಇದಕ್ಕೆಲ್ಲ ಬುನಾದಿ ಆಸ್ಪತ್ರೆಯ ಎಂಎಲ್‌ಸಿ, ಅಂದರೆ ಗಾಯ ಹೇಗಾಯಿತೆಂದು ವೈದ್ಯರು ಬರೆದಿಡುವ ಕಾನೂನು ದಾಖಲೆ. ‘ಮನೆಯಲ್ಲಿ ಬಿದ್ದೆ’ ಎಂದು ಬರೆಸಿದರೆ ಮುಂದೆ ಯಾವ ವಕೀಲರಿಗೂ ಅದನ್ನು ತಿದ್ದುವುದು ಕಷ್ಟ. ಬೋಟಿನಲ್ಲಿ ಆದ ಗಾಯ ಎಂದೇ ಬರೆಯಬೇಕು, ಠಾಣೆಗೆ ತಿಳಿಸಬೇಕು. ಭಾರತೀಯ ನ್ಯಾಯ ಸಂಹಿತೆಯ ಕಲಂ 282 ಅಜಾಗರೂಕತೆಯಿಂದ ಬೋಟು ನಡೆಸುವುದಕ್ಕೆ, ಕಲಂ 284 ಬಾಡಿಗೆಗೆ ಮಿತಿಮೀರಿ ಜನ ತುಂಬುವುದಕ್ಕೆ. ಠಾಣೆಗಳಿಗೆ ಇವೆರಡನ್ನು ನೆನಪಿಸುವ ಒಂದು ಸುತ್ತೋಲೆ ಸಾಕು.

ಹೆಚ್ಚು ಜನ ಎಂಬುದರಲ್ಲಿ ಬೈಕಿನ ಲೆಕ್ಕವೂ ಸೇರಬೇಕು. ಒಂದು ಬೈಕು ಎಂದರೆ ಇಬ್ಬರು ಆಳಿನ ತೂಕ. ಅದರ ಭಾರ ಎತ್ತರದಲ್ಲಿ ನಿಲ್ಲುತ್ತದೆ, ಜನ ಒಂದೇ ಬದಿಗೆ ಎದ್ದರೆ ದೋಣಿ ಮಗುಚುತ್ತದೆ. ಲೈಫ್ ಜಾಕೆಟ್ ಇದೆ ಎಂದು ಎಣಿಸಿ ಹೋಗುವ ತಪಾಸಣೆ ಪ್ರಯೋಜನಕ್ಕಿಲ್ಲ. ದೊಡ್ಡವರಿಗೆ 100 ನ್ಯೂಟನ್ (ತೇಲಿಸುವ ಬಲದ ಅಳತೆ) ಗುರುತಿನದು ಬೇಕು. 50ರದು ದಂಡೆಯ ಹತ್ತಿರ ಈಜು ಬಲ್ಲವರಿಗೆ. ಮಕ್ಕಳದು ಮೈತೂಕ ನೋಡಿ. ಬಕ್ಕಲ್ ಹಾಕಿ, ಹೆಗಲ ಮೇಲೆ ಹಿಡಿದೆತ್ತಿ ನೋಡಬೇಕು. ಕಿವಿಯ ತನಕ ಬಂದರೆ ನೀರಿನಲ್ಲಿ ಕಳಚಿಕೊಳ್ಳುತ್ತದೆ.

2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ಜಾತ್ರೆಯಿಂದ ಮರಳುವ ದೋಣಿ ಮುಳುಗಿ 16 ಜನ ಸತ್ತರು. ನಮ್ಮಲ್ಲೂ ಸಂಕ್ರಾಂತಿಗೆ ಕೂಡಲಸಂಗಮ, ಚಿಕ್ಕಸಂಗಮದಲ್ಲಿ ಜನ ನೆರೆಯುತ್ತಾರೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ತಾವೇ. ಸಂಕ್ರಾಂತಿಯೊಳಗೆ ಪ್ರತಿ ಬೋಟಿನ ಎರಡೂ ಬದಿಗೆ ನಂಬರ್, ಹತ್ತಿಸಬಹುದಾದ ಜನರ ಸಂಖ್ಯೆ ಬಣ್ಣದಲ್ಲಿ ಬರೆಸಿ. ನಂಬರ್ ಇರುವ ಚೀಟಿ ಕೊಡಿಸಿ, ಅರ್ಧ ಭಾಗ ದಂಡೆಯಲ್ಲೇ ಉಳಿಯಲಿ. ವಿಮೆಯ ಪ್ರತಿ ತಹಶೀಲ್ದಾರ್ ಕಚೇರಿಯಲ್ಲಿರಲಿ. ಕಾನೂನು ನೆರವಿನ 15100 ಸಂಖ್ಯೆಯನ್ನು ಪ್ರತಿ ಕಡವಿನಲ್ಲೂ ಬರೆಸಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಆ ನೆರವು ಉಚಿತ.

ತಮ್ಮ ವಿಶ್ವಾಸಿಗಳು,
ಕೃಷ್ಣಾ ದಂಡೆಯ ಕೆಲವು ವಕೀಲರು ಮತ್ತು ಬೋಟ್ ಕಸುಬಿನವರು
ಬಾಗಲಕೋಟೆ